ಸ್ಲೋ ಕುಕ್ಕರ್ ಅಡುಗೆ: ರಾಜ್ಮಾ ಬೇಯಿಸುವಾಗ ಎಚ್ಚರ

ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಬೇಳೆ, ತರಕಾರಿ, ನೀರು ಹಾಕಿ ಸ್ವಿಚ್ ಒತ್ತಿದರೆ ಸಂಜೆಗೆ ಬಿಸಿ ಅಡುಗೆ ಸಿದ್ಧ. ಇದು ಸ್ಲೋ ಕುಕ್ಕರ್‌ನ ಅನುಕೂಲ. ಅಮೆರಿಕದ ಮನೆಗಳಲ್ಲಿ 1970ರ ದಶಕದಿಂದ ಬಳಕೆಯಲ್ಲಿರುವ ಈ ಪಾತ್ರೆ, ಅಲ್ಲಿರುವ ಮಗನ ಅಥವಾ ಮಗಳ ಮನೆಗೆ ಹೋಗಿಬಂದ ನಮ್ಮ ಅನೇಕ ಹಿರಿಯರಿಗೂ ಪರಿಚಿತ. ನಿಧಾನವಾಗಿ ಬೇಯಿಸುವುದು ನಮಗೇನೂ ಹೊಸದಲ್ಲ. ಅಜ್ಜಿಯರು ಹಾಲನ್ನು ಕೆಂಡದ ಮೇಲಿಟ್ಟು ಕೆನೆಗಟ್ಟಿಸುತ್ತಿದ್ದುದು ನಿಮಗೆ ನೆನಪಿರಬಹುದು.

ಆದರೆ ರಾಜ್ಮಾ ಬೇಯಿಸುವವರು ಒಂದು ವಿಷಯ ತಿಳಿದಿರಲೇಬೇಕು.

ಹಸಿ ರಾಜ್ಮಾ ಕಾಳಿನಲ್ಲಿ ಲೆಕ್ಟಿನ್ ಎಂಬ ಜಾತಿಗೆ ಸೇರಿದ ವಿಷಕಾರಿ ಪ್ರೋಟೀನ್ ಇರುತ್ತದೆ. ಕೆಂಪು ಕಾಳಿನಲ್ಲಿ ಇದರ ಪ್ರಮಾಣ ಹೆಚ್ಚು. ನಾಲ್ಕೈದು ಹಸಿ ಕಾಳು ತಿಂದರೂ ಸಾಕು, ಒಂದರಿಂದ ಮೂರು ಗಂಟೆಗಳೊಳಗೆ ಹೊಟ್ಟೆ ತೊಳೆಸಿ ವಿಪರೀತ ವಾಂತಿಯಾಗುತ್ತದೆ. ನಂತರ ಭೇದಿ, ಹೊಟ್ಟೆನೋವು. ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ತಾನಾಗಿಯೇ ಇಳಿಯುತ್ತದಾದರೂ ಚಿಕ್ಕ ಮಕ್ಕಳು ಮತ್ತು ವೃದ್ಧರ ದೇಹದಲ್ಲಿ ನೀರಿನಂಶ ಬೇಗ ಕಡಿಮೆಯಾಗುವುದರಿಂದ ವೈದ್ಯರಿಗೆ ತೋರಿಸುವುದು ಒಳ್ಳೆಯದು.

ನಮ್ಮ ಮನೆಗಳಲ್ಲಿ ಈ ತೊಂದರೆ ಹೆಚ್ಚಾಗಿ ಕಾಣದಿರಲು ಪ್ರೆಷರ್ ಕುಕ್ಕರ್ ಕಾರಣ. ಅದರೊಳಗೆ ಉಷ್ಣತೆ ಸುಮಾರು 120 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುತ್ತದೆ. ಕಾಳು ಮೆತ್ತಗೆ ಬೇಯುವ ಹೊತ್ತಿಗೆ ವಿಷವೂ ನಾಶವಾಗಿರುತ್ತದೆ. ಸ್ಲೋ ಕುಕ್ಕರ್‌ನಲ್ಲಿ ಹಾಗಲ್ಲ. ಅದರ ಬಿಸಿ ಗಂಟೆಗಟ್ಟಲೆ ಮೆಲ್ಲಗೆ ಏರುತ್ತದೆ. ಕೆಲವೊಮ್ಮೆ ಕುದಿಯುವ ಹಂತವನ್ನು ಮುಟ್ಟುವುದೇ ಇಲ್ಲ. 80 ಡಿಗ್ರಿಯ ಆಸುಪಾಸಿನಲ್ಲಿ ಅರೆಬೆಂದ ರಾಜ್ಮಾ ಹಸಿ ಕಾಳಿಗಿಂತ ಐದು ಪಟ್ಟು ಹೆಚ್ಚು ವಿಷಕಾರಿಯಾಗಬಹುದು. ಕಾಳು ಮೆತ್ತಗಾಗಿದೆ, ರುಚಿಯೂ ಚೆನ್ನಾಗಿದೆ ಎಂದು ನಂಬುವಂತಿಲ್ಲ.

ಹಾಗೆಂದು ಪಾತ್ರೆಯನ್ನು ಅಟ್ಟಕ್ಕೆ ಏರಿಸಬೇಕಾಗಿಲ್ಲ. ನಾಲ್ಕು ಜನಕ್ಕೆ ಒಂದು ಲೋಟ ರಾಜ್ಮಾವನ್ನು ರಾತ್ರಿ ನೆನೆಹಾಕಿ. ಬೆಳಿಗ್ಗೆ ಆ ನೀರನ್ನು ಚೆಲ್ಲಿ, ಹೊಸ ನೀರು ಹಾಕಿ, ಒಲೆಯ ಮೇಲೆ ಗಳಗಳನೆ ಕುದಿಸಿ. ಹತ್ತು ನಿಮಿಷ ಕುದಿದರೆ ವಿಷ ನಾಶವಾಗುತ್ತದೆ. ಅರ್ಧ ಗಂಟೆ ಕುದಿಸಿದರೆ ನಿಶ್ಚಿಂತೆ. ನಂತರ ಈರುಳ್ಳಿ, ಶುಂಠಿ, ಬೆಳ್ಳುಳ್ಳಿಯೊಡನೆ ಸ್ಲೋ ಕುಕ್ಕರ್‌ಗೆ ಹಾಕಿ. ಟೊಮೆಟೊ, ಹುಣಸೆರಸವನ್ನು ಕಾಳು ಪೂರ್ತಿ ಬೆಂದ ಮೇಲೆಯೇ ಸೇರಿಸಿ, ಹುಳಿ ಬಿದ್ದರೆ ಕಾಳು ಬೇಯುವುದು ತಡ. ಮುಚ್ಚಳವನ್ನು ಪದೇಪದೇ ತೆಗೆದು ನೋಡುವ ಅಭ್ಯಾಸ ಬಿಡಿ. ತೆಗೆದಾಗಲೆಲ್ಲ ಬಿಸಿ ಹೊರಹೋಗಿ ಅಡುಗೆ ಇಪ್ಪತ್ತು-ಮೂವತ್ತು ನಿಮಿಷ ಹಿಂದೆ ಬೀಳುತ್ತದೆ. ತೊಗರಿಬೇಳೆ, ಹೆಸರುಬೇಳೆಗೆ ಇಷ್ಟೆಲ್ಲ ಕಟ್ಟುಪಾಡು ಬೇಕಿಲ್ಲ.

ನಮ್ಮ ಊರುಗಳಲ್ಲಿ ಇನ್ನೊಂದು ತಾಪತ್ರಯ, ಕರೆಂಟು. ನೀವು ಮನೆಯಲ್ಲಿದ್ದಾಗ ಹೋದರೆ ಅಡುಗೆಯನ್ನು ಗ್ಯಾಸಿಗೆ ವರ್ಗಾಯಿಸಿ. ಹೊರಗೆ ಹೋಗಿದ್ದಾಗ ಹೋಗಿ ಬಂದಿದೆಯೆಂದು ಗೊತ್ತಾದರೆ, ಬೆಂದಂತೆ ಕಂಡರೂ ಚೆಲ್ಲುವುದೇ ಕ್ಷೇಮ. ಉಗುರುಬೆಚ್ಚಗಿನ ಆಹಾರದಲ್ಲಿ ರೋಗಾಣುಗಳು ಬಲುಬೇಗ ವೃದ್ಧಿಯಾಗುತ್ತವೆ. ರಾತ್ರಿ ಉಳಿದದ್ದನ್ನು ಅಗಲವಾದ ಪಾತ್ರೆಗೆ ಬಗ್ಗಿಸಿ ಫ್ರಿಜ್ಜಿನಲ್ಲಿಡಿ. ಮರುದಿನ ಬಿಸಿ ಮಾಡುವುದು ಒಲೆಯ ಮೇಲೆ, ಸ್ಲೋ ಕುಕ್ಕರ್‌ನಲ್ಲಿ ಅಲ್ಲ.