ಮೂರು ಬೆರಳಿನ ಪರೀಕ್ಷೆ



ಕಲಬುರಗಿಯ ಶರಣಬಸವೇಶ್ವರ ದೇವಸ್ಥಾನದ ಜಾತ್ರೆಯನ್ನು ನಮ್ಮ ಮಲೆನಾಡಿನ ಕಡೆ ನೋಡಿದವರು ಕಡಿಮೆ. ಹೋಳಿ ಹುಣ್ಣಿಮೆ ಕಳೆದ ಐದನೆಯ ದಿನ ಅಲ್ಲಿ ತೇರು. ಆ ಬಿಸಿಲಿನಲ್ಲೂ ಹರೆಯದ ಹುಡುಗರು ಮುಂದಾಗಿ ನಿಲ್ಲುವುದನ್ನು ಕಂಡರೆ ಸಂತೋಷವಾಗುತ್ತದೆ. ಆದರೆ ಜಾತ್ರೆಯ ಅಂಗಡಿ ಸಾಲಿನಲ್ಲಿ ಕಂಡ ಒಂದು ಸಂಗತಿ ಮನಸ್ಸಿನಿಂದ ಹೋಗಲಿಲ್ಲ.

ಕಾಲೇಜು ವಯಸ್ಸಿನ ಹುಡುಗನೊಬ್ಬ ಮಿರ್ಚಿ ಭಜಿಯನ್ನು ಚೂರು ಚೂರು ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದ.

"ಯಾಕಪ್ಪಾ, ಖಾರವೇ?" ಎಂದು ಕೇಳಿದೆ.

"ಬಾಯಿ ಉರೀತದ್ರಿ ಕಾಕಾ. ಅಗಲ ತೆರಿಲಾಕ ಬರಂಗಿಲ್ಲ."

ಅವನ ಅಂಗಿಯ ಜೇಬಿನಲ್ಲಿ ಎರಡು ಪೊಟ್ಟಣಗಳಿದ್ದವು. ಒಂದು ಪಾನ್ ಮಸಾಲ, ಇನ್ನೊಂದು ತಂಬಾಕು. ಕಲಬುರಗಿ ತೊಗರಿಯ ಸೀಮೆ, ಅಡಿಕೆಯ ಸೀಮೆಯಲ್ಲ. ಆ ಪೊಟ್ಟಣದಲ್ಲಿದ್ದ ಅಡಿಕೆ ನಮ್ಮಂಥವರ ತೋಟದಿಂದಲೇ ಹೋಗಿರಬೇಕು.

ಖಾರ ತಿಂದರೆ ಬಾಯಿ ಉರಿಯುವುದು, ಕೆನ್ನೆಯ ಒಳಭಾಗ ಬಿಳಿಚಿ ಗಟ್ಟಿಯಾಗುವುದು, ಬರಬರುತ್ತಾ ಬಾಯಿ ತೆರೆಯಲಾಗದಿರುವುದು, ಇವು ಬಾಯಿಯ ಒಳಪದರ ನಾರುಗಟ್ಟುವ ರೋಗದ ಲಕ್ಷಣಗಳು. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಅಂಶ ಇದರಲ್ಲಿ ಮುಖ್ಯ ಪಾತ್ರ ವಹಿಸುತ್ತದೆ. ಒಮ್ಮೆ ನಾರುಗಟ್ಟಿದ ಭಾಗ ಮೊದಲಿನಂತೆ ಮೆತ್ತಗಾಗುವುದು ಕಷ್ಟ. ಇಂಥ ಕೆಲವರಲ್ಲಿ ಮುಂದೆ ಅದು ಕ್ಯಾನ್ಸರಿಗೂ ತಿರುಗುತ್ತದೆ.

"ದೋಷವೆಲ್ಲ ತಂಬಾಕಿನದು, ಅಡಿಕೆಯದಲ್ಲ" ಎಂದು ನಾವು ಹೇಳುವುದುಂಟು. ಬೆಲೆ ಕುಸಿಯುವ ಭಯ ನಮಗೆಲ್ಲರಿಗೂ ಇದೆ. ಆದರೆ ತಂಬಾಕು ಮುಟ್ಟದೆ ಬರೀ ಅಡಿಕೆ ಜಗಿಯುವವರಿಗೂ ಈ ರೋಗ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. 2022ರಲ್ಲಿ ಭಾರತದಲ್ಲಿ ಸುಮಾರು 83,400 ಬಾಯಿ ಕ್ಯಾನ್ಸರ್‌ಗಳಿಗೆ ಹೊಗೆರಹಿತ ತಂಬಾಕು ಮತ್ತು ಅಡಿಕೆ ಕಾರಣವೆಂದು ತಜ್ಞರ ಅಂದಾಜು. ಮಾರುವವರೇ ಈ ಮಾತನ್ನು ಮುಚ್ಚಿಟ್ಟರೆ ತಿನ್ನುವ ಹುಡುಗನಿಗೆ ಹೇಳುವವರು ಯಾರು?

2013ರಲ್ಲಿ ಕರ್ನಾಟಕ ಸರ್ಕಾರ ಗುಟ್ಕಾ ನಿಷೇಧಿಸಿತು. ಕೂಡಲೇ ಒಂದು ಪೊಟ್ಟಣ ಎರಡಾಯಿತು. ಬೆರೆಸುವ ಕೆಲಸ ಹುಡುಗರ ಅಂಗೈಗೆ ಬಂತು. ಆದುದರಿಂದ ಕಾನೂನಿನ ಜೊತೆಗೆ ಮನೆಯ ಎಚ್ಚರವೂ ಬೇಕು.

ಹುಡುಗರು ಇದನ್ನು ಹಿಡಿಯುವುದು ರುಚಿಗಾಗಿ ಮಾತ್ರವಲ್ಲ. ರಾತ್ರಿ ಓದುವಾಗ ನಿದ್ದೆ ತಡೆಯಲು, ಲಾರಿ ಓಡಿಸುವಾಗ, ಹಸಿವು ಮರೆಯಲು, ಗೆಳೆಯರ ನಡುವೆ ಗಂಡಸೆನಿಸಿಕೊಳ್ಳಲು. ನೋವಾದರೆ ಹೇಳಿಕೊಳ್ಳಲು ಸಂಕೋಚ. ಬೈದರೆ ಇನ್ನಷ್ಟು ಮುಚ್ಚಿಡುತ್ತಾರೆ.

ಸದಸ್ಯರು ಮಾಡಬಹುದಾದದ್ದು ಇಷ್ಟು:

1. ಮನೆಯ ಹುಡುಗರಿಗೆ, ತೋಟದ ಕೆಲಸದ ಹುಡುಗರಿಗೆ ಬಾಯಿ ತೆರೆದು ತಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದಿಟ್ಟು ಹಲ್ಲಿನ ನಡುವೆ ತೂರಿಸಲು ಹೇಳಿ. ಆಗದಿದ್ದರೆ ತಡಮಾಡದೆ ದಂತವೈದ್ಯರಿಗೆ ತೋರಿಸಿ.

2. ಪೊಟ್ಟಣ ತರಲು ಮಕ್ಕಳನ್ನು ಅಂಗಡಿಗೆ ಕಳಿಸಬೇಡಿ.

3. ಬಿಡಲು ಮನಸ್ಸಿದ್ದೂ ಆಗದವರು 1800-11-2356 ಸಂಖ್ಯೆಗೆ ಕರೆ ಮಾಡಬಹುದು, ಶುಲ್ಕವಿಲ್ಲ. ತಂಬಾಕು ಬಿಡಿಸುವ ಸಲಹೆ ಅಲ್ಲಿ ದೊರೆಯುತ್ತದೆ.

ಬಿಟ್ಟರೆ ಫಲವುಂಟು. ಅಡಿಕೆ ಜಗಿಯುವುದನ್ನು ನಿಲ್ಲಿಸಿದವರಲ್ಲಿ ಬಾಯಿ ಕ್ಯಾನ್ಸರಿನ ಅಪಾಯ ಕಡಿಮೆಯಾಗುತ್ತದೆ.

ಕೊಳೆರೋಗ ಕಂಡ ಮೇಲೆ ಗೊನೆ ಉಳಿಸುವುದು ಎಷ್ಟು ಕಷ್ಟವೆಂದು ನಮಗೆ ಗೊತ್ತು. ಅದಕ್ಕೇ ಮುಂಗಾರಿಗೆ ಮುನ್ನವೇ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಗೊನೆಗೆ ತೋರಿಸುವ ಆ ಮುಂಜಾಗ್ರತೆಯನ್ನು ಮನೆಮಕ್ಕಳಿಗೂ ತೋರಿಸಬೇಡವೇ?

ಶರಣಬಸವೇಶ್ವರರ ಹೆಸರಿನೊಡನೆ ಬೆಸೆದುಕೊಂಡಿರುವುದು ದಾಸೋಹ. ಹಸಿದು ಬಂದವರಿಗೆ ಅನ್ನವಿಡುವ ಆ ಅಂಗಳದಲ್ಲಿ, ತುತ್ತಿಗೆ ಬಾಯಿ ತೆರೆಯಲಾರದ ಹುಡುಗ ಕುಳಿತಿರುವಂತಾಗಬಾರದು.