ಮರ–ಬಟ್ಟೆಯ ಲಘು ವಿಮಾನ: ಸರಕಿಗಿಂತ ದಾಖಲೆಗೆ ಬೆಲೆ

ವಿಮಾನ ನಿರ್ಮಾಣವೆಂದರೆ ಲೋಹದ ತಗಡು, ಕೋಟಿಗಟ್ಟಲೆ ಬಂಡವಾಳ ಎಂಬ ಭಾವನೆ ಸಾಮಾನ್ಯ. ಆದರೆ ಮರದ ರೆಕ್ಕೆಗೆ ಬಟ್ಟೆ ಹೊದಿಸಿದ ಲಘು ವಿಮಾನಗಳ ಪುನರ್ನಿರ್ಮಾಣವು ಬ್ರಿಟನ್, ಅಮೆರಿಕಗಳಲ್ಲಿ ಇಂದಿಗೂ ಸಣ್ಣ ಕಾರ್ಯಾಗಾರಗಳ ಕಸುಬು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಮರಗೆಲಸದ ಘಟಕಗಳವರು ಇದರ ಲೆಕ್ಕಾಚಾರವನ್ನು ಅರಿತಿರುವುದು ಒಳಿತು.

ಕರ್ನಾಟಕಕ್ಕೆ ಈ ವಿದ್ಯೆ ಅಪರಿಚಿತವಲ್ಲ. ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸಹಭಾಗಿತ್ವದಲ್ಲಿ 1940ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆಯ ‘ಪುಷ್ಪಕ್’ 1958ರಲ್ಲಿ ಮೊದಲ ಬಾರಿ ಹಾರಿತು. ಎರಡು ಆಸನ, 90 ಅಶ್ವಶಕ್ತಿಯ ಎಂಜಿನ್, ಬಟ್ಟೆಯ ಹೊದಿಕೆ. ಫ್ಲೈಯಿಂಗ್ ಕ್ಲಬ್‌ಗಳ ಅನೇಕರು ಹಾರಾಟ ಕಲಿತದ್ದು ಇದರಲ್ಲಿಯೇ. ಆದಾಗ್ಯೂ ನಮ್ಮ ವಾಯುಪಡೆಯ ಹಳೆಯ ‘ಟೈಗರ್ ಮಾತ್’ ಪುನರ್ನಿರ್ಮಾಣಗೊಂಡದ್ದು ಬ್ರಿಟನ್ನಿನಲ್ಲಿ. 2012ರ ವಾಯುಪಡೆ ದಿನಾಚರಣೆಯಲ್ಲಿ ಅದು ಹಿಂಡನ್‌ನಲ್ಲಿ ಹಾರಿತು. ಕೂಲಿ ಹೊರದೇಶಕ್ಕೆ ಸಂದಿತೆಂಬುದನ್ನು ವರ್ತಕರು ಗಮನಿಸಬೇಕು.

ಇಂತಹ ರೆಕ್ಕೆಗೆ ರೂಢಿಯ ಮರ ಸಿಟ್ಕಾ ಸ್ಪ್ರೂಸ್. ನಮ್ಮ ಸಾಗುವಾನಿ ಬಾಳಿಕೆಯುಳ್ಳದ್ದಾದರೂ ಭಾರ. ಹಲಗೆಯ ಎಳೆಯ ಓರೆ 15ಕ್ಕೆ 1ನ್ನು ಮೀರಬಾರದು, ಅಂಗುಲವೊಂದಕ್ಕೆ ಕನಿಷ್ಠ 6 ವಾರ್ಷಿಕ ಉಂಗುರಗಳಿರಬೇಕು, ತೇವಾಂಶ ಶೇ. 8ರಿಂದ 12ರೊಳಗಿರಬೇಕು. ಅಂಟು ಕಲಸಿದಾಗಲೆಲ್ಲ ಮಾದರಿ ತುಂಡುಗಳನ್ನೂ ಅಂಟಿಸಿ ಮುರಿದು ನೋಡುವುದು ಕ್ರಮ. ಮರವೇ ಸೀಳಿದರೆ ಅಂಟು ಸರಿ. ಬೆಸುಗೆ ಬಿಟ್ಟುಕೊಂಡರೆ ಆ ಕಲಸಿನಿಂದ ಮಾಡಿದ ಕೆಲಸವೆಲ್ಲ ತಿರಸ್ಕೃತ. ಬಟ್ಟೆಯದೂ ಹಾಗೆಯೇ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ದಾವಣಗೆರೆಯ ಸೀಮೆಯವರಿಗೆ ಇದು ಕುತೂಹಲದ ವಿಷಯ: ‘ಗ್ರೇಡ್ ಎ’ ಹತ್ತಿ ಬಟ್ಟೆ ಹೊಸತಿದ್ದಾಗ ಅಂಗುಲಕ್ಕೆ 80 ಪೌಂಡ್ ಎಳೆತ ತಾಳಬೇಕು; ಬಿಸಿಲು–ಮಳೆಗೆ ಜೀರ್ಣವಾಗಿ 56ಕ್ಕಿಂತ ಕೆಳಗಿಳಿದರೆ ಬದಲಿಸಲೇಬೇಕು. ಈಗ ಪಾಲಿಯೆಸ್ಟರ್ ಬಟ್ಟೆಯೇ ಹೆಚ್ಚು ಬಳಕೆಯಲ್ಲಿದೆ.

ಇಷ್ಟನ್ನು ಪಾಲಿಸಬಲ್ಲ ಬಡಗಿಗಳು ನಮ್ಮಲ್ಲಿಲ್ಲವೆಂದಲ್ಲ. ತೊಡಕಿರುವುದು ದಾಸ್ತಾನು ಪುಸ್ತಕದಲ್ಲಿ. ಪ್ರತಿ ಹಲಗೆಯ ಖರೀದಿ ಬಿಲ್ಲು, ಪರೀಕ್ಷಾ ಪ್ರಮಾಣಪತ್ರ, ಅಂಟಿನ ಬ್ಯಾಚ್ ಸಂಖ್ಯೆ, ಕೆಲಸ ಮಾಡಿದವರ ಮತ್ತು ತಪಾಸಣೆ ಮಾಡಿದವರ ಸಹಿ—ಈ ಸರಪಳಿಯ ಒಂದು ಕೊಂಡಿ ಕಳಚಿದರೂ ಎಷ್ಟೇ ನಿರ್ದುಷ್ಟವಾದ ರೆಕ್ಕೆಯ ಪಟ್ಟಿಯೂ ವಿಮಾನದ ಬಿಡಿಭಾಗವಾಗಿ ಮಾರಾಟವಾಗದು, ಸೌದೆಯಷ್ಟೇ.

ವೆಚ್ಚ ನಿರ್ಣಯದಲ್ಲಿಯೂ ಎಚ್ಚರ ಅಗತ್ಯ. ಆಯ್ಕೆಯಲ್ಲಿ ತಿರಸ್ಕೃತವಾಗುವ ಮರ ಮತ್ತು ಮುರಿದ ಮಾದರಿಗಳು ಈ ಕಸುಬಿನಲ್ಲಿ ಸಹಜ ನಷ್ಟ. ಅವುಗಳ ವೆಚ್ಚ ಉತ್ತಮ ಸರಕಿನ ಮೇಲೆ ಬೀಳಬೇಕು. ತಿರಸ್ಕೃತ ಹಲಗೆ ಪೀಠೋಪಕರಣಕ್ಕೆ ಮಾರಾಟವಾದರೆ ಆ ಮೊತ್ತವನ್ನು ಕಳೆಯಬೇಕು. ಅಸಹಜ ನಷ್ಟವನ್ನು ಮಾತ್ರ, ಲೆಕ್ಕಪತ್ರ ಮಾನಕ 2ರ ಪ್ರಕಾರ, ದಾಸ್ತಾನಿನ ಮೌಲ್ಯಕ್ಕೆ ಸೇರಿಸುವಂತಿಲ್ಲ. ಅವಧಿ ಮೀರಿದ ಅಂಟನ್ನು ವರ್ಷಾಂತ್ಯದ ದಾಸ್ತಾನಿನಲ್ಲಿ ಖರೀದಿ ಬೆಲೆಗೆ ತೋರಿಸುವ ಅಭ್ಯಾಸವಂತೂ ಸಲ್ಲದು.

1934ರ ವಿಮಾನ ಕಾಯ್ದೆಯ ಸ್ಥಾನದಲ್ಲಿ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಜಾರಿಯಲ್ಲಿದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಅನುಮೋದನೆಯುಳ್ಳ ಸಂಸ್ಥೆಯಿಂದ ಲಿಖಿತ ಆದೇಶ, ನಕ್ಷೆ ಮತ್ತು ತಪಾಸಣೆಯ ಷರತ್ತುಗಳು ಕೈಸೇರುವ ಮುನ್ನ ಆಮದು ಮರದ ಮೇಲೆ ಹಣ ಹೂಡುವುದು ತರವಲ್ಲ.