ತೂಕದ ಯಂತ್ರವೂ ಮಗಳ ತಟ್ಟೆಯೂ

ತೂಕ ಇಳಿಸಬೇಕೆಂಬ ನನ್ನ ಸಂಕಲ್ಪಕ್ಕೆ ಮೊದಲು ಬಲಿಯಾದದ್ದು ಆರು ವರ್ಷದ ಮಗಳ ಊಟ. ಪುತ್ತೂರಿನ ಮನೆಯಲ್ಲಿ ದಿನವೂ ಬೆಳಗ್ಗೆ ತೂಕದ ಯಂತ್ರವೇರಿ, ಮುಳ್ಳು 72ನ್ನು ದಾಟಿದರೆ ನಿಟ್ಟುಸಿರುಬಿಡುವುದು ನನ್ನ ವಾಡಿಕೆಯಾಗಿತ್ತು. ಒಂದು ದಿನ ಮಗಳು ಅರ್ಧ ದೋಸೆಯನ್ನು ಬದಿಗೆ ಸರಿಸಿ, “ಸಾಕಮ್ಮ, ಇನ್ನು ತಿಂದರೆ ನಾನೂ ದಪ್ಪ ಆಗ್ತೇನೆ” ಎಂದಳು. ಅವಳಿಗೆ ಹಾಗೆಂದು ನಾನು ಎಂದೂ ಹೇಳಿದವಳಲ್ಲ. ಆದರೆ ನಿಟ್ಟುಸಿರು ಕೇಳಿಸದಷ್ಟು ದೂರದಲ್ಲಿ ಮಕ್ಕಳು ಇರುತ್ತಾರೆಯೇ?

ತೂಕ ಇಳಿಸುವ ಅಗತ್ಯವಂತೂ ಇತ್ತು. ಏಷ್ಯಾದವರಿಗೆ ಕಡಿಮೆ ತೂಕದಲ್ಲಿಯೇ ಸಕ್ಕರೆ ಕಾಯಿಲೆ ಅಂಟಿಕೊಳ್ಳುವುದುಂಟು. ಎತ್ತರಕ್ಕೂ ತೂಕಕ್ಕೂ ಇರುವ ಸೂಚ್ಯಂಕ 23ನ್ನು ಮುಟ್ಟಿದಾಗಲೇ ಎಚ್ಚರ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ ತಿಳಿಸಿದರು. ನನ್ನ ಅಜ್ಜಿ ಸುಳ್ಯದ ಗುಡ್ಡದ ತೋಟವನ್ನು ದಿನಕ್ಕೆ ನಾಲ್ಕು ಸಲ ಹತ್ತಿ ಇಳಿದವಳು. ನಾನು ಶಾಲೆಗೆ ಸ್ಕೂಟರಿನಲ್ಲಿ ಹೋಗುವವಳು. ಇದಕ್ಕಿಂತ ಗುಟ್ಟಿನ ಕಾರಣ ಇನ್ನೊಂದಿತ್ತು: ಮಕ್ಕಳು ತಟ್ಟೆಯಲ್ಲಿ ಬಿಟ್ಟುದೆಲ್ಲ ನನ್ನ ಹೊಟ್ಟೆಗೇ ಸೇರುತ್ತಿತ್ತು.

ತವರಿನಲ್ಲಿ ಅಗುಳು ಬಿಡುವಂತಿರಲಿಲ್ಲ. ಆಟಿ ತಿಂಗಳಲ್ಲಿ ಪತ್ತಾಯ ಬರಿದಾಗಿ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯಲ್ಲಿಯೂ ಬೇಳೆಯಲ್ಲಿಯೂ ದಿನ ಕಳೆದವರ ನಿಯಮವದು; ಅದನ್ನು ಹಳಿಯಲು ನನಗೆ ಮನಸ್ಸಿಲ್ಲ. ಆದರೆ ಹಸಿವಿನ ಕಾಲದ ಆ ನಿಯಮ ಬೇಕರಿಗಳ ಕಾಲದಲ್ಲಿ ನನ್ನ ಸೊಂಟಕ್ಕೆ ಸುತ್ತಿಕೊಂಡಿತು. ಏನನ್ನು, ಯಾವಾಗ, ಎಲ್ಲಿ ಬಡಿಸಬೇಕೆಂಬುದು ಹಿರಿಯರದು. ತಿನ್ನಬೇಕೆ, ಎಷ್ಟು ತಿನ್ನಬೇಕು ಎಂಬುದು ಮಗುವಿನದು ಎಂದು ಅಮೆರಿಕದ ಆಹಾರ ತಜ್ಞೆ ಎಲಿನ್ ಸ್ಯಾಟರ್ 1980ರ ದಶಕದಿಂದ ಹೇಳುತ್ತ ಬಂದಿದ್ದಾರೆ. ಇದನ್ನು ಅಮ್ಮನಿಗೆ ಹೇಳಿದಾಗ, “ಅವರಿಗೆ ಎಷ್ಟು ಮಕ್ಕಳು?” ಎಂದು ಕೇಳಿದಳು!

ಯಂತ್ರ ಅಟ್ಟ ಸೇರಿತು. ತಿಂಗಳಿಗೊಮ್ಮೆ ವೈದ್ಯರಲ್ಲಿ ತೂಗಿಸಿಕೊಂಡರಾಯಿತು. ಮಗಳಿಗೆ ಮೊದಲು ಸ್ವಲ್ಪವೇ ಬಡಿಸಿ, ಕೇಳಿದರೆ ಮತ್ತೆ ಹಾಕತೊಡಗಿದೆ. ಉಳಿದುದು ನೆರೆಮನೆಯ ಹಸುವಿನ ಅಕ್ಕಚ್ಚಿಗೆ. ರಾತ್ರಿ ಎಲ್ಲರಿಗೂ ಒಂದೇ ಊಟ: ಕುಚ್ಚಲಕ್ಕಿ ಗಂಜಿ, ಹೆಸರುಕಾಳಿನ ಪಲ್ಯ, ಒಂದೆಲಗದ ತಂಬುಳಿ. ನನಗೆಂದು ಬೇರೆ ಪಥ್ಯದ ಪಾತ್ರೆ ಇಲ್ಲ. ಹಬ್ಬದ ಪಾಯಸವನ್ನೂ ‘ಪಾಪ’ ಎನ್ನದೆ ಒಂದು ಲೋಟ ಕುಡಿದೆ. ನಾಲ್ಕು ತಿಂಗಳಲ್ಲಿ ಮೂರು ಕಿಲೋ ಇಳಿದೆ, ಹೆಚ್ಚೇನಲ್ಲ.

ಆಟಿಯಲ್ಲಿ ಕಡಬದ ಚಿಕ್ಕಮ್ಮ ಪತ್ರೊಡೆಗೆ ಕರೆದರು. ಬಾಗಿಲಲ್ಲೇ, “ಸೊರಗಿದ್ದೀಯಲ್ಲ ಮಗಳೇ, ಹುಷಾರಿಲ್ವಾ?” ಎಂದರು. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. “ಗುಡ್ಡ ಹತ್ತುವಾಗ ಈಗ ಏದುಸಿರು ಬರುವುದಿಲ್ಲ ಚಿಕ್ಕಮ್ಮ” ಎಂದಷ್ಟೇ ಹೇಳಿದೆ.

ಮಗಳು ಎರಡು ತುಂಡು ತಿಂದು ಮೂರನೆಯದನ್ನು ಕೇಳಿ ಹಾಕಿಸಿಕೊಂಡಳು. ಅರ್ಧಕ್ಕೆ ನಿಲ್ಲಿಸಿ, “ಹೊಟ್ಟೆ ತುಂಬಿತು” ಎಂದು ಮಳೆ ನೋಡಲು ಅಂಗಳದ ಕಡೆ ಓಡಿದಳು. ತಟ್ಟೆಯತ್ತ ನನ್ನ ಕೈ ತಾನಾಗಿಯೇ ಚಾಚಿತು. ಅಷ್ಟರಲ್ಲಿ ಚಿಕ್ಕಮ್ಮ ಅದನ್ನೆತ್ತಿಕೊಂಡು ಹಟ್ಟಿಗೆ ನಡೆದಿದ್ದರು.